ಡೇರೆ ಗಡ್ಡೆಯ ಪಾಲು

ರೋಹಿಣಿ ಮಳೆ ಹತ್ತಿರವಾಗುತ್ತಿದ್ದಂತೆ ನಮ್ಮ ಮಲೆನಾಡಿನ ಮನೆಗಳಲ್ಲಿ ಸದ್ದಿಲ್ಲದ ಒಂದು ಕಾರ್ಯ ಆರಂಭವಾಗುತ್ತದೆ. ಅಟ್ಟದ ಮೂಲೆಯಲ್ಲಿ ಬೂದಿಯಲ್ಲಿಯೋ ಒಣಮರಳಿನಲ್ಲಿಯೋ ಮಲಗಿದ್ದ ಡೇರೆ ಗಡ್ಡೆಗಳು ಕೆಳಗಿಳಿಯುತ್ತವೆ. ಮನೆಯೊಡತಿ ಅವುಗಳನ್ನು ಬೆಳಕಿಗೆ ಹಿಡಿದು, ಒಂದೊಂದನ್ನೇ ತಿರುವಿ ನೋಡುತ್ತಾಳೆ. ಆಮೇಲೆ ನೆರೆಮನೆಯವರು, ತವರಿಗೆ ಬಂದ ಹೆಣ್ಣುಮಕ್ಕಳು, ದಾರಿಯಲ್ಲಿ ಹೋಗುವ ಪರಿಚಿತರು ಎಲ್ಲರೂ ಒಂದೆರಡು ಗಡ್ಡೆಗಳನ್ನು ಸೆರಗಿನಲ್ಲಿಯೋ ಚೀಲದಲ್ಲಿಯೋ ಕಟ್ಟಿಕೊಂಡು ಹೋಗುತ್ತಾರೆ. ಹಣದ ಮಾತು ಅಲ್ಲಿ ಸುಳಿಯುವುದಿಲ್ಲ. ‘ನಿಮ್ಮಲ್ಲಿ ಹಳದಿ ಇದೆಯಲ್ಲ, ನಮ್ಮ ಬಿಳಿಯದು ಒಂದು ಒಯ್ಯಿರಿ’ ಎಂಬಲ್ಲಿಗೆ ವ್ಯವಹಾರ ಮುಗಿಯುತ್ತದೆ.

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದಿ ಬಂದ ನನಗೆ ಡೇರೆ ಎಂದರೆ ಗುಡಾರ ಎಂಬುದಷ್ಟೇ ತಿಳಿದಿತ್ತು. ಅದು ಹೂವಿನ ಹೆಸರು ಎಂಬುದನ್ನೂ, ಆ ಹೂವಿನ ಗಡ್ಡೆಯನ್ನು ಪಾಲು ಮಾಡುವುದಕ್ಕೆ ಒಂದು ವಿದ್ಯೆ ಬೇಕು ಎಂಬುದನ್ನೂ ನನಗೆ ಕಲಿಸಿದ್ದು ಉಳವಿ. ಜೋಯಿಡಾದ ಕಾಡಿನಲ್ಲಿರುವ ಶರಣರ ಪುಣ್ಯಕ್ಷೇತ್ರ ಉಳವಿಯಲ್ಲ. ನಾನು ಹೇಳುತ್ತಿರುವುದು ಸೊರಬ ತಾಲ್ಲೂಕಿನ ಹೋಬಳಿ ಕೇಂದ್ರವಾದ ಉಳವಿಯ ಮಾತು. ಕಲಿತದ್ದು ಒಂದು ತಪ್ಪಿನ ಮೂಲಕ. ಆ ತಪ್ಪು ನನ್ನದೇ ಆದ್ದರಿಂದ ಹೇಳಿಕೊಳ್ಳಲು ಸಂಕೋಚವಿಲ್ಲ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಗುರುದೀಕ್ಷೆ ಪಡೆದು ಹೆಚ್ಚು ಕಾಲವಾಗಿರಲಿಲ್ಲ. ಆ ಸೀಮೆಯ ಒಂದು ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರು ಬೇರೆಯಾಗಲು ನಿಶ್ಚಯಿಸಿದ್ದರು. ಗದ್ದೆ, ತೋಟ, ಕೊಟ್ಟಿಗೆಯ ಜಾನುವಾರು, ಹಿತ್ತಾಳೆಯ ಹಂಡೆ ಎಲ್ಲವೂ ಹಿರಿಯರ ಸಮಕ್ಷಮ ಹಿಸ್ಸೆಯಾದವು. ಮಾತು ಬೆಳೆಯಬಾರದೆಂದು ನನ್ನನ್ನೂ ಕರೆದಿದ್ದರು. ಕೊನೆಗೆ ಉಳಿದದ್ದು ಅಟ್ಟದ ಮೇಲಿದ್ದ ಡೇರೆಯ ಒಂದು ಗೊಂಚಲು. ಕಪ್ಪಿಗೆ ತಿರುಗಿದ ಕಡುಗೆಂಪು ಬಣ್ಣದ ಹೂವಂತೆ. ಅವರ ತಾಯಿಗೆ ಅದು ಅತ್ತೆಯಿಂದ ಬಂದದ್ದು. ಸೊಸೆಯರಿಬ್ಬರಿಗೂ ಅದು ಬೇಕು. ಹಂಡೆಯ ವಿಷಯದಲ್ಲಿ ಬಾರದ ಬಿರುಸು ಈ ಗಡ್ಡೆಯ ವಿಷಯದಲ್ಲಿ ಬಂತು. ತಾಯಿ ಆಗ ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದರು.

ನ್ಯಾಯವೆಂದರೆ ಸಮಪಾಲು ಎಂದು ನಂಬಿದ್ದ ನಾನು ಮುಂದೆ ಬಂದೆ. ಗೊಂಚಲಿನಲ್ಲಿ ಒಂಬತ್ತು ಗಡ್ಡೆಗಳಿದ್ದವು. ಒಂದೊಂದನ್ನೂ ಮುರಿದು ಬಿಡಿಸಿ, ತಕ್ಕಡಿಯಲ್ಲಿ ತೂಗಿ, ಮೂರು ಪಾಲು ಮಾಡಿದೆ. ಅಣ್ಣನಿಗೊಂದು, ತಮ್ಮನಿಗೊಂದು, ತಾಯಿಗೊಂದು. ನಡುವೆ ಉಳಿದ ಒಣಗಿದ ಕೊರಡಿನಂಥ ಬುಡವನ್ನು ಗೊಬ್ಬರದ ಗುಂಡಿಗೆ ಎಸೆಯಿರೆಂದು ನಾನೇ ಹೇಳಿದೆ. ಯಾರೂ ತಕರಾರು ಮಾಡಲಿಲ್ಲ. ನನ್ನ ಬಗ್ಗೆ ನನಗೆ ಮೆಚ್ಚುಗೆಯೇ ಉಂಟಾಯಿತು.

ಮಳೆ ಹಿಡಿಯಿತು. ಜೂನ್ ಕಳೆಯಿತು, ಜುಲೈ ಕಳೆಯಿತು. ನೆರೆಮನೆಗಳ ಅಂಗಳದಲ್ಲಿ ಡೇರೆ ಎದೆಯೆತ್ತರಕ್ಕೆ ಬಂದು ಮೊಗ್ಗು ಕಟ್ಟಿತು. ಇಲ್ಲಿ ಮೂರು ಕಡೆಯೂ ಬರಿಯ ಮಣ್ಣು. ಆಗಸ್ಟಿನಲ್ಲಿ ಆ ತಾಯಿ ಗುದ್ದಲಿಯಿಂದ ಮೆಲ್ಲನೆ ಮಣ್ಣು ಸರಿಸಿ ಒಂದು ಗಡ್ಡೆಯನ್ನು ಎತ್ತಿ ನನಗೆ ತೋರಿಸಿದರು. ಅದು ಕೊಳೆತಿರಲಿಲ್ಲ. ಗಟ್ಟಿಯಾಗಿಯೇ ಇತ್ತು, ಬಿಳಿಯ ಬೇರುಗಳನ್ನೂ ಬಿಟ್ಟಿತ್ತು. ಆದರೆ ಒಂದೇ ಒಂದು ಮೊಳಕೆ ಇರಲಿಲ್ಲ. ಆ ತಾಯಿ ಸಿಟ್ಟಾಗಲಿಲ್ಲ. ‘ತೂಕ ನೋಡಿದಿರಿ ಫಾದರ್, ಕಣ್ಣು ನೋಡಲಿಲ್ಲ’ ಎಂದರು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಈ ‘ಕಣ್ಣು’ ಎಂಬುದೇನು? ಇದನ್ನು ತಿಳಿಯದೆ ಯಾವ ಗಡ್ಡೆಯನ್ನೂ ಪಾಲು ಮಾಡಲಾಗದು. ನಾವು ಗಡ್ಡೆ ಎಂಬ ಒಂದೇ ಮಾತಿನಿಂದ ಕರೆಯುವ ವಸ್ತುಗಳು ನಿಜಕ್ಕೂ ಬೇರೆ ಬೇರೆ. ಈರುಳ್ಳಿಯನ್ನು ಸೀಳಿದರೆ ಪದರಪದರವಾದ ಎಲೆಗಳು ಕಾಣುತ್ತವೆ. ಆಹಾರವನ್ನು ತುಂಬಿಕೊಂಡ ಎಲೆಗಳವು. ಸುಗಂಧರಾಜವೂ ಮನೆಯಂಗಳದಲ್ಲಿ ಬೆಳೆಯುವ ಲಿಲ್ಲಿಗಳೂ ಬಹುಮಟ್ಟಿಗೆ ಈ ಜಾತಿಯವು. ಆಲೂಗಡ್ಡೆಯಾದರೋ ಉಬ್ಬಿದ ಕಾಂಡ. ಆದ್ದರಿಂದಲೇ ಅದರ ಮೈತುಂಬ ಕಣ್ಣುಗಳಿವೆ, ಎಲ್ಲಿ ತುಂಡರಿಸಿದರೂ ಒಂದು ಕಣ್ಣು ಉಳಿದರೆ ಸಾಕು. ಶುಂಠಿಯಂತೆ ಮಣ್ಣಿನೊಳಗೆ ಅಡ್ಡಲಾಗಿ ಹರಿಯುವ ಕಾಂಡ ಕಾಬಾಳೆಯದು. ಡೇರೆಯ ಗಡ್ಡೆ ಇವಾವುದೂ ಅಲ್ಲ. ಅದು ಗೆಣಸಿನಂತೆ ಉಬ್ಬಿದ ಬೇರು. ಬೇರಿನ ಮೈಯಲ್ಲಿ ಕಣ್ಣಿರುವುದಿಲ್ಲ. ಹೋದ ವರ್ಷದ ಕಾಂಡ ನಿಂತಿದ್ದ ಬುಡದ ಸುತ್ತ, ಗಡ್ಡೆಯ ಕೊರಳು ಬುಡವನ್ನು ಕೂಡುವ ಆ ಬೆರಳಗಲದ ಜಾಗದಲ್ಲಿ ಮಾತ್ರ ಡೇರೆಯ ಕಣ್ಣುಗಳು ಇರುತ್ತವೆ. ನಾನು ಸತ್ತ ಕೊರಡೆಂದು ಗೊಬ್ಬರದ ಗುಂಡಿಗೆ ಎಸೆಸಿದ್ದು ಅದನ್ನೇ. ಜೀವವಿದ್ದದ್ದು ಅಲ್ಲಿ, ನಾನು ತೂಗಿ ಹಂಚಿದ್ದು ಬುತ್ತಿಯನ್ನು ಮಾತ್ರ.

ಕುತೂಹಲದ ಸಂಗತಿಯೆಂದರೆ, ಈ ವಿಷಯ ನನ್ನ ಓದಿಗೆ ಹೊರಗಿನದಾಗಿರಲಿಲ್ಲ. ಅರಿಸ್ಟಾಟಲನು ಆತ್ಮವನ್ನು ಕುರಿತ ತನ್ನ ಗ್ರಂಥದ ಎರಡನೆಯ ಭಾಗದಲ್ಲಿ, ಕತ್ತರಿಸಿ ಬೇರೆ ಮಾಡಿದರೂ ಬದುಕುವ ಸಸ್ಯಗಳ ಪ್ರಸ್ತಾಪವನ್ನು ತರುತ್ತಾನೆ. ಅಖಂಡವಾದ ಗಿಡದಲ್ಲಿ ಪ್ರಾಣತತ್ತ್ವ ವಾಸ್ತವದಲ್ಲಿ ಒಂದೇ. ಆದರೆ ಸಾಧ್ಯತೆಯಲ್ಲಿ ಅನೇಕ ಎಂಬುದು ಅವನ ಅಭಿಪ್ರಾಯದ ಸಾರ. ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ಆ ಗ್ರಂಥಕ್ಕೆ ವ್ಯಾಖ್ಯಾನವನ್ನೂ ಬರೆದರು. ಪರೀಕ್ಷೆಯಲ್ಲಿ ಇದಕ್ಕೆ ನಾನು ಒಳ್ಳೆಯ ಉತ್ತರವನ್ನೇ ಬರೆದಿದ್ದಿರಬೇಕು. ಆದರೆ ಆ ಸಾಧ್ಯತೆಯು ಗಿಡದ ಎಲ್ಲ ಭಾಗಗಳಲ್ಲಿಯೂ ಒಂದೇ ಸಮನಾಗಿ ಇರುವುದಿಲ್ಲ, ಅದಕ್ಕೆಂದೇ ಒಂದು ನೆಲೆ ಇದೆ ಎಂಬುದನ್ನು ಉಳವಿಯ ಒಬ್ಬ ವೃದ್ಧೆಯಿಂದ ಕಲಿಯಬೇಕಾಯಿತು.

ಡೇರೆಗೂ ಗುರುಗಳಿಗೂ ಹಳೆಯ ನಂಟಿದೆ. ಈ ಗಿಡದ ತವರು ಮೆಕ್ಸಿಕೊ ಮತ್ತು ಅದರ ದಕ್ಷಿಣದ ಮಲೆಸೀಮೆ. 1789ರಲ್ಲಿ ಮೆಕ್ಸಿಕೊ ನಗರದ ಸಸ್ಯೋದ್ಯಾನದಿಂದ ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನ ರಾಜೋದ್ಯಾನಕ್ಕೆ ಇದು ಬಂತು. ಅಲ್ಲಿ ಇದನ್ನು ಬೆಳೆಸಿ, ಪರಿಶೀಲಿಸಿ, 1791ರಲ್ಲಿ ಡೇಲಿಯಾ ಎಂದು ಹೆಸರಿಟ್ಟವರು ಆಂಟೋನಿಯೊ ಹೋಸೆ ಕಾವನಿಯೆಸ್ ಎಂಬ ಕಥೋಲಿಕ ಗುರು. ಲಿನ್ನೇಯಸನ ಶಿಷ್ಯನಾಗಿದ್ದ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಆಂಡರ್ಸ್ ಡಾಲ್ ಎಂಬವನ ನೆನಪಿಗಾಗಿ ಇಟ್ಟ ಹೆಸರದು. ಮೆಕ್ಸಿಕೊ ದೇಶ 1963ರಲ್ಲಿ ಡೇಲಿಯಾವನ್ನು ತನ್ನ ರಾಷ್ಟ್ರೀಯ ಪುಷ್ಪವೆಂದು ಘೋಷಿಸಿತು. ಹೂವುಗಳನ್ನು ಎಣಿಸಿ ಹೆಸರಿಸುವ ಈ ಪರಂಪರೆ ನಮ್ಮ ನಾಡಿಗೂ ಹೊಸದಲ್ಲ. ಯೇಸುಸಭೆಯ ಗುರು ಸೆಸಿಲ್ ಸಲ್ಡಾನ್ಹಾ ಅವರು ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಕುರಿತ ಬೃಹದ್ಗ್ರಂಥವನ್ನು 1976ರಲ್ಲಿ ಹೊರತಂದರು. ಅಂಥವರ ಸಾಲಿನಲ್ಲಿ, ಜೀವವಿದ್ದ ಬುಡವನ್ನು ಗೊಬ್ಬರದ ಗುಂಡಿಗೆ ಎಸೆಸಿದ ನನಗೆ ಸ್ಥಾನವಿಲ್ಲ.

ನಮ್ಮ ಸೀಮೆಯಲ್ಲಿ ಡೇರೆ ಅರಳುವುದು ಆಗಸ್ಟಿನಿಂದ ಅಕ್ಟೋಬರಿನವರೆಗೆ. ಗೌರಿ–ಗಣೇಶ ಹಬ್ಬಕ್ಕೆ ನೆರೆಮನೆಯ ತಾಯಂದಿರು ಇದನ್ನು ಮುಡಿಯುತ್ತಾರೆ, ಪೂಜೆಗೆ ಏರಿಸುತ್ತಾರೆ. ಅದೇ ದಿನಗಳಲ್ಲಿ ನಮ್ಮ ಕೊಂಕಣಿ ಮಾತೃಭಾಷೆಯ ಕುಟುಂಬಗಳಲ್ಲಿ ಮೋಂತಿ ಹಬ್ಬದ ಸಡಗರ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಸೆಪ್ಟೆಂಬರ್ 8ರಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುತ್ತಾರೆ. ಒಂದೇ ಬೇಲಿಯ ಎರಡು ಬದಿಯ ಹೂವು ಎರಡು ಹಬ್ಬಗಳಿಗೆ ಹೋಗುವುದನ್ನು ನಾನು ಕಂಡಿದ್ದೇನೆ. ಗಡ್ಡೆ ಯಾರ ಮನೆಯಿಂದ ಬಂತೆಂದು ಹೂವಿನಲ್ಲಿ ಬರೆದಿರುವುದಿಲ್ಲವಲ್ಲ!

ಇನ್ನು ಪಾಲು ಮಾಡುವ ಕ್ರಮಕ್ಕೆ ಬರೋಣ. ಆ ತಾಯಿಯ ಬಳಿ ಕುಳಿತು ಕಲಿತು, ಆಮೇಲೆ ಸ್ವತಃ ಮಾಡಿ ನೋಡಿ ಖಚಿತಪಡಿಸಿಕೊಂಡದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಹೂವಿನ ಕಾಲ ಮುಗಿದು, ಎಲೆ ಹಳದಿಯಾಗಿ, ಕಾಂಡ ಒಣಗುವವರೆಗೆ ಗಡ್ಡೆಯನ್ನು ಕೀಳಬಾರದು. ಹಗಲು ಕಿರಿದಾಗುತ್ತ ಬಂದಂತೆ ಗಿಡವು ಗಡ್ಡೆಯನ್ನು ತುಂಬಿಸತೊಡಗುತ್ತದೆ. ಅವಸರ ಮಾಡಿದರೆ ಬುತ್ತಿ ಅರ್ಧವಾಗುತ್ತದೆ. ಕಾಂಡವನ್ನು ನಾಲ್ಕೈದು ಅಂಗುಲ ಉಳಿಸಿ ಕತ್ತರಿಸಬೇಕು. ಬುಡದಿಂದ ಒಂದು ಅಡಿ ದೂರದಲ್ಲಿ ಸುತ್ತಲೂ ಅಗೆದು, ಇಡೀ ಗೊಂಚಲನ್ನು ಕೆಳಗಿನಿಂದ ಎತ್ತಬೇಕು. ಕಾಂಡವನ್ನು ಹಿಡಿದು ಎಳೆದರೆ ಗಡ್ಡೆಗಳ ಕೊರಳು ಮುರಿಯುತ್ತದೆ. ಕೊರಳು ಮುರಿದ ಗಡ್ಡೆ ನೋಡಲು ಎಷ್ಟು ಪುಷ್ಟವಾಗಿದ್ದರೂ ವ್ಯರ್ಥ. ಡೇರೆಯ ಕಾಂಡ ಟೊಳ್ಳು. ಅದರಲ್ಲಿ ನಿಂತ ನೀರು ಬುಡಕ್ಕಿಳಿದು ಕೊಳೆಸುತ್ತದೆ. ಆದ್ದರಿಂದ ಗೊಂಚಲನ್ನು ತಲೆಕೆಳಗಾಗಿಸಿ ಕೆಲವು ದಿನ ನೆರಳಿನಲ್ಲಿ ಒಣಗಿಸಿ, ಬಳಿಕ ಒಣಮರಳು, ಬೂದಿ ಅಥವಾ ಮರದ ಹೊಟ್ಟಿನಲ್ಲಿ ಇಡಬೇಕು. ಇಲಿ ಹೆಗ್ಗಣಗಳ ಕಾಟವಿಲ್ಲದ, ತಣ್ಣನೆಯ, ತೇವವಿಲ್ಲದ ಜಾಗವಾದರೆ ಉತ್ತಮ.

ಪಾಲು ಮಾಡಲು ಆತುರ ಬೇಡ. ಕಿತ್ತ ಕೂಡಲೇ ಕಣ್ಣುಗಳು ಸುಲಭವಾಗಿ ಕಾಣಿಸುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಒಂದೆರಡು ವಾರ ನಸುತೇವ ತೋರಿಸಿದರೆ ಬುಡದ ಸುತ್ತ ಗುಲಾಬಿ ಅಥವಾ ಹಸಿರು ಬಣ್ಣದ ಸಣ್ಣ ಗುಳ್ಳೆಗಳು ಉಬ್ಬುತ್ತವೆ. ಅವೇ ಕಣ್ಣುಗಳು. ಈಗ ಹರಿತವಾದ, ಸ್ವಚ್ಛವಾದ ಚಾಕುವಿನಿಂದ ಬುಡವನ್ನೇ ಸೀಳಬೇಕು. ಪ್ರತಿ ಪಾಲಿನಲ್ಲಿಯೂ ಮೂರು ಅಂಶಗಳಿರಬೇಕು: ಬುಡದ ಒಂದು ತುಣುಕು ಮತ್ತು ಅದರಲ್ಲಿ ಕಡಿಮೆಯೆಂದರೆ ಒಂದು ಕಣ್ಣು, ಮುರಿಯದ ಕೊರಳು, ಒಂದು ಗಡ್ಡೆ. ಗಡ್ಡೆ ಹೆಬ್ಬೆರಳಿನಷ್ಟಿದ್ದರೂ ಸಾಕು. ಒಂಬತ್ತು ಗಡ್ಡೆಯ ಗೊಂಚಲಿನಲ್ಲಿ ನಾಲ್ಕೇ ಕಣ್ಣುಗಳಿದ್ದರೆ ಪಾಲು ನಾಲ್ಕೇ. ಆರು ಮಂದಿ ಕೇಳಿದರೆಂದು ಆರು ಮಾಡಲು ಹೋದರೆ ಇಬ್ಬರಿಗೆ ಕುರುಡು ಗಡ್ಡೆ ಕೊಟ್ಟಂತಾಗುತ್ತದೆ. ಕತ್ತರಿಸಿದ ಮೈಗೆ ಒಲೆಯ ಬೂದಿ ಹಚ್ಚಿ, ಒಂದೆರಡು ದಿನ ನೆರಳಿನಲ್ಲಿಟ್ಟು ಗಾಯ ಒಣಗಿಸಿ ನೆಡುವುದು ಕ್ಷೇಮ.

ನೆಡುವ ಜಾಗಕ್ಕೆ ದಿನದ ಅರ್ಧಭಾಗವಾದರೂ ಬಿಸಿಲು ಬೀಳಬೇಕು, ನೀರು ನಿಲ್ಲಬಾರದು. ನಮ್ಮ ಮಳೆಗೆ ಏರುಮಡಿಯೇ ಯೋಗ್ಯ. ಅಥವಾ ತಳದಲ್ಲಿ ತೂತು ಮಾಡಿದ ಚೀಲವಾದರೂ ಆದೀತು. ಕೆಂಪು ಮಣ್ಣಿಗೆ ಕಳಿತ ಕೊಟ್ಟಿಗೆ ಗೊಬ್ಬರ, ತರಗೆಲೆಯ ಪುಡಿ, ಒಂದಿಷ್ಟು ಮರಳು ಬೆರೆಸಿ, ನಾಲ್ಕೈದು ಅಂಗುಲ ಆಳದಲ್ಲಿ ಗಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಕಣ್ಣು ಮೇಲ್ಮುಖವಾಗಿರುವಂತೆ ನೋಡಿಕೊಳ್ಳಬೇಕು. ಆಧಾರದ ಕೋಲನ್ನು ಆಗಲೇ ನೆಟ್ಟುಬಿಡಬೇಕು. ತಡಮಾಡಿ ಊರಿದರೆ ಅದು ಗಡ್ಡೆಯನ್ನೇ ತಿವಿದೀತು. ಮೊಳಕೆ ಕಾಣುವ ತನಕ ನೀರು ಮಿತವಾಗಿರಲಿ. ಮೂರು ನಾಲ್ಕು ಜೊತೆ ಎಲೆ ಬಂದ ಮೇಲೆ ತುದಿಯನ್ನು ಚಿವುಟಿದರೆ ಗಿಡ ಕವಲೊಡೆಯುತ್ತದೆ. ಚಿವುಟಿದ ಎಳೆಯ ಕುಡಿಯನ್ನೂ ಎಸೆಯಬೇಕಾಗಿಲ್ಲ. ಮರಳುಮಣ್ಣಿನಲ್ಲಿ ಊರಿದರೆ ಮಳೆಗಾಲದ ತಂಪಿಗೆ ಅದೂ ಬೇರು ಬಿಡುತ್ತದೆ. ಕಣ್ಣುಗಳು ಕಡಿಮೆಯಿದ್ದು ಕೇಳುವವರು ಹೆಚ್ಚಿದ್ದಾಗ ನಮ್ಮ ತಾಯಂದಿರು ಹಿಡಿಯುವ ದಾರಿ ಇದೇ.

ಉಳಿದ ಗಡ್ಡೆಗಳಿಗೂ ಅವುಗಳದೇ ನಿಯಮಗಳಿವೆ. ಸುಗಂಧರಾಜದಲ್ಲಿ ಒಮ್ಮೆ ಹೂ ಕೊಟ್ಟ ಗಡ್ಡೆ ಮತ್ತೆ ಹೂ ಕೊಡುವುದಿಲ್ಲ. ಸುತ್ತಲಿನ ಮರಿಗಡ್ಡೆಗಳು ಬಲಿತು ಆ ಕೆಲಸವನ್ನು ಮುಂದುವರಿಸುತ್ತವೆ. ಎರಡು ಮೂರು ವರ್ಷಗಳಲ್ಲಿ ಗುಂಪು ದಟ್ಟವಾಗಿ ಹೂ ಕಿರಿದಾದಾಗ ಕಿತ್ತು ಬಿಡಿಸಿ, ಸುಮಾರು ಒಂದು ತಿಂಗಳು ವಿಶ್ರಾಂತಿ ಕೊಟ್ಟು ನೆಡಬೇಕು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿರುವ ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್ ಎಂಬ ತಳಿಗಳಿಗೂ ಈ ನಿಯಮವೇ. ಗ್ಲಾಡಿಯೋಲಸ್‌ನಲ್ಲಿ ಪ್ರತಿವರ್ಷವೂ ಹಳೆಯ ಗಡ್ಡೆ ಬತ್ತಿ, ಅದರ ಮೇಲೆಯೇ ಹೊಸತು ಕೂಡುತ್ತದೆ. ಬೇಲಿಯಲ್ಲಿ ಬೆಂಕಿಯ ನಾಲಿಗೆಯಂತೆ ಅರಳುವ ಗೌರಿ ಹೂವಿನ, ಅಂದರೆ ಅಗ್ನಿಶಿಖೆಯ ಗಡ್ಡೆ ನೇಗಿಲಿನಂತೆ ಬಾಗಿ ಎರಡು ತೋಳುಗಳನ್ನು ಚಾಚಿರುತ್ತದೆ. ಅದರ ಮೊಳಕೆ ತೋಳಿನ ತುದಿಯಲ್ಲಿ. ಆ ತುದಿಯನ್ನು ಮುರಿಯದೆ ಬಿಡಿಸಬೇಕು. ಆದರೆ ಅದು ಪ್ರಾಣಕ್ಕೇ ಅಪಾಯ ತರುವ ವಿಷವೆಂಬುದನ್ನು ಮರೆಯಬಾರದು. ಮಕ್ಕಳಿರುವ ಮನೆಯಲ್ಲಿ ಅದನ್ನು ಗೆಣಸು ಮುಂತಾದ ತಿನ್ನುವ ಗಡ್ಡೆಗಳ ಬಳಿ ಎಂದಿಗೂ ಇಡಬಾರದು. ಮುಟ್ಟಿದ ಕೈಯನ್ನು ತೊಳೆದುಕೊಳ್ಳಬೇಕು.

ಡೇರೆಯ ಬೀಜವನ್ನೇ ಬಿತ್ತಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಬಿತ್ತಬಹುದು, ಆದರೆ ತಾಯಿಯ ಬಣ್ಣವೇ ಬರುತ್ತದೆಂಬ ಭರವಸೆಯಿಲ್ಲ. ಸಾಮಾನ್ಯ ಸಸ್ಯಗಳ ಜೀವಕೋಶದಲ್ಲಿ ವರ್ಣತಂತುಗಳ ಎರಡು ಜೊತೆಕಟ್ಟುಗಳಿದ್ದರೆ ಅಂಗಳದ ಡೇರೆಯಲ್ಲಿ ಎಂಟು ಕಟ್ಟುಗಳಿವೆ. ಅವು ಬೆರೆತು ಹೊಸ ಬಣ್ಣ, ಹೊಸ ಆಕಾರಗಳನ್ನು ಹುಟ್ಟಿಸುತ್ತವೆ. ಅತ್ತೆಯಿಂದ ಸೊಸೆಗೆ ಬಂದ ಅದೇ ಕಡುಗೆಂಪು ಉಳಿಯಬೇಕಾದರೆ ಗಡ್ಡೆಯೋ ಕುಡಿಯೋ ಕೈಯಿಂದ ಕೈಗೆ ದಾಟಲೇಬೇಕು. ಹಾಗಾಗಿ ನೂರು ಅಂಗಳಗಳಲ್ಲಿ ಅರಳಿದರೂ ಅದು ಒಂದೇ ಗಿಡ. ಒಂದೇ ಮನೆಯಲ್ಲಿ ಬಚ್ಚಿಟ್ಟರೆ, ಒಂದು ಅತಿಮಳೆಗೆ ಅಥವಾ ಒಂದು ರಾತ್ರಿಯ ಕಾಡುಹಂದಿಯ ದಾಳಿಗೆ ಅದರ ಕಥೆ ಮುಗಿಯಿತು.

ಆ ಮನೆಯ ಕಡುಗೆಂಪಿನ ಕಥೆ ಮುಗಿಯದೆ ಉಳಿದದ್ದು ಹೀಗೆಯೇ. ಗೊಬ್ಬರದ ಗುಂಡಿಯಲ್ಲಿ ಹುಡುಕಿದೆವು. ಬುಡ ಬಿಸಿಗೆ ಬೆಂದುಹೋಗಿತ್ತು. ನಾನು ಕ್ಷಮೆ ಕೇಳಿದೆ. ಆ ತಾಯಿ ಸ್ವಲ್ಪ ಹೊತ್ತು ಯೋಚಿಸಿ, ಎಷ್ಟೋ ವರ್ಷಗಳ ಹಿಂದೆ ಎರಡು ಊರುಗಳಾಚೆಯ ಒಂದು ಮನೆಗೆ, ಹಳದಿ ಡೇರೆಗೆ ಬದಲಾಗಿ, ಅದರ ಒಂದು ಪಾಲನ್ನು ಕೊಟ್ಟಿದ್ದನ್ನು ನೆನಪಿಸಿಕೊಂಡರು. ಅದು ನಮ್ಮ ಧರ್ಮದವರ ಮನೆಯಲ್ಲ. ನಡುವೆ ಹೋಗಿಬರುವ ಬಳಕೆಯೂ ನಿಂತುಹೋಗಿತ್ತು. ಮರುವರ್ಷ ಮೇ ತಿಂಗಳಲ್ಲಿ ಅವರೇ ನಡೆದು ಹೋಗಿ ಕೇಳಿದರು. ಆ ಮನೆಯಾಕೆ ಒಂದು ಕೇಳಿದರೆ ಮೂರು ಕೊಟ್ಟು ಕಳಿಸಿದರಂತೆ. ಈ ಸಲ ಪಾಲು ಮಾಡಿದವರು ತಾಯಿ. ಸೊಸೆಯರಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಚಾಕು ಎಲ್ಲಿ ತಾಗಬೇಕು, ಎಲ್ಲಿ ತಾಗಬಾರದು ಎಂದು ತೋರಿಸಿಕೊಟ್ಟರು. ನಾನು ಪಕ್ಕದಲ್ಲಿ ಕುಳಿತು ನೋಡಿದೆ. ತಕ್ಕಡಿ ಬರಲಿಲ್ಲ.

ಅಣ್ಣತಮ್ಮಂದಿರು ಮತ್ತೆ ಒಂದೇ ಮನೆಯಲ್ಲಿ ಬಾಳಿದರೆಂದು ಬರೆದರೆ ಸುಳ್ಳಾದೀತು. ಅವರು ಬೇರೆಯಾಗಿಯೇ ಉಳಿದರು; ಬೇರೆಯಾಗುವುದು ಪಾಪವೂ ಅಲ್ಲ. ಗೊಂಚಲು ದಟ್ಟವಾದರೆ ಬಿಡಿಸಲೇಬೇಕು, ಇಲ್ಲವಾದರೆ ಹೂ ಕಿರಿದಾಗುತ್ತದೆ. ಆದರೆ ಆ ವರ್ಷದ ಮೋಂತಿ ಹಬ್ಬಕ್ಕೆ ಎರಡು ಮನೆಗಳ ಮಕ್ಕಳೂ ಬುಟ್ಟಿಯಲ್ಲಿ ತಂದದ್ದು ಒಂದೇ ಕಡುಗೆಂಪು ಹೂ. ಯಾರ ಬುಟ್ಟಿ ಯಾವುದೆಂದು ಗುರುತಿಸಲಾಗದೆ ಆ ಮಕ್ಕಳು ನಗುತ್ತಿದ್ದುದು ನನಗೆ ನೆನಪಿದೆ. ಅಂದಿನಿಂದ ಕುಟುಂಬಗಳ ಹಿಸ್ಸೆಗೆ ನನ್ನನ್ನು ಯಾರಾದರೂ ಕರೆದರೆ, ಗದ್ದೆ ತೋಟಗಳ ಅಳತೆಯನ್ನು ಅರಿತವರಿಗೆ ಬಿಟ್ಟು ನಾನು ಬೇರೆಯೇ ಪ್ರಶ್ನೆಗಳನ್ನು ಕೇಳುತ್ತೇನೆ. ತಾಯಿಯನ್ನು ಯಾರು ನೋಡಿಕೊಳ್ಳುತ್ತೀರಿ? ಬಾವಿಯ ನೀರಿಗೆ ಇಬ್ಬರಿಗೂ ದಾರಿ ಇದೆಯೆ? ಹಬ್ಬದ ಊಟಕ್ಕೆ ಯಾರ ಮನೆಯಲ್ಲಿ ಸೇರುತ್ತೀರಿ? ಇವುಗಳನ್ನು ತೂಗಲು ಬಾರದು. ತೂಗಲು ಬಾರದೆಂದೇ ಇವು ಗೊಬ್ಬರದ ಗುಂಡಿಗೆ ಬೀಳುವ ಅಪಾಯ ಹೆಚ್ಚು.

ಇಂದು ನಮ್ಮ ಮಲೆನಾಡಿನ ಎಷ್ಟೋ ಮನೆಗಳಲ್ಲಿ ವೃದ್ಧರಿಬ್ಬರೇ ಉಳಿದಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿಯೋ ಮಂಗಳೂರಿನಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ಇದ್ದಾರೆ. ಅಟ್ಟ ಹತ್ತಿ ಗಡ್ಡೆ ಇಳಿಸುವ ಶಕ್ತಿ ಅಜ್ಜಿಗಿಲ್ಲ. ಒಂದು ಬೇಸಿಗೆ ತಪ್ಪಿದರೆ ಒಂದು ಬಣ್ಣವೇ ಇಲ್ಲವಾಗುತ್ತದೆ. ಅದಕ್ಕೆ ಹೆಸರೂ ಇರುವುದಿಲ್ಲ, ದಾಖಲೆಯೂ ಇರುವುದಿಲ್ಲ. ಶಿರಸಿಯ ‘ವನಸ್ತ್ರೀ’ ಬಳಗದ ಮಹಿಳೆಯರು ಬೀಜ, ಗಡ್ಡೆಗಳ ವಿನಿಮಯವನ್ನು ಒಂದು ವ್ರತದಂತೆ ನಡೆಸಿಕೊಂಡು ಬಂದವರು. ಅವರು ಮಾಡಿದ್ದನ್ನು ನಮ್ಮ ಮನೆಗಳಲ್ಲಿಯೂ ಮಾಡಬಹುದು. ಈ ರಜೆಯಲ್ಲಿ ಊರಿಗೆ ಬರುವ ಮಕ್ಕಳು, ಮೊಮ್ಮಕ್ಕಳು ಹಲಸಿನ ಹಪ್ಪಳದ ಜೊತೆಗೆ ಒಂದು ಗಡ್ಡೆಯನ್ನೂ ಒಯ್ಯಲಿ. ಬಿಸಿಲು ಬೀಳುವ ಮಹಡಿಯ ಮೇಲೆ ಒಂದು ಕುಂಡವಿದ್ದರೆ ಅದು ಅಲ್ಲಿಯೂ ಬದುಕುತ್ತದೆ. ಇಲ್ಲಿ ತಪ್ಪಿಹೋದ ವರ್ಷ ಅಲ್ಲಿಂದ ಮರಳಿ ಬರುತ್ತದೆ.

ಆ ತಾಯಿ ಈಗಿಲ್ಲ. ಉಳವಿ ಎಂಬ ಹೆಸರಿನೊಳಗೆ ‘ಉಳಿವು’ ಎಂಬ ದನಿ ಕೇಳಿಸುವುದು ನನ್ನ ಕಿವಿಯ ಭ್ರಮೆಯೇ ಇರಬಹುದು. ಆದರೆ ನನ್ನ ಅಂಗಳದ ಏರುಮಡಿಯಲ್ಲಿ ಅವರು ಕೊಟ್ಟ ಕಡುಗೆಂಪಿನ ಒಂದು ಪಾಲು ಉಳಿದಿದೆ. ವರ್ಗಾವಣೆಯಾದ ಕಡೆಗೆಲ್ಲ ಅದನ್ನು ಒಯ್ದಿದ್ದೇನೆ. ಕಳೆದ ವಾರ ಬುಡದ ಸುತ್ತ ಐದು ಕಣ್ಣುಗಳು ಉಬ್ಬಿದ್ದವು. ಒಂದನ್ನು ನನಗಿಟ್ಟುಕೊಂಡು ನಾಲ್ಕನ್ನು ತೆಗೆದಿರಿಸಿದ್ದೇನೆ. ಭಾನುವಾರದ ಬಲಿಪೂಜೆಯ ನಂತರ, ಬೇಕಾದವರು ಕೇಳಿ ಪಡೆಯಬಹುದು. ಒಯ್ಯುವಾಗ ಕೊರಳು ಜೋಪಾನ.